ಮೂರು ಬೇಡಿಕೆ, ಒಂದು ಸಭೆ: ಮತಕ್ಕೆ ಹಾಕೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ನಿವಾಸಿಗಳ ಸಂಘ ಇದೆ. ಇರುವ ಹಣದಲ್ಲಿ ಒಂದೇ ಕೆಲಸ ಸಾಧ್ಯ. ಸರ್ವ ಸದಸ್ಯರ ಸಭೆಗೆ 45 ಜನ ಬಂದಿದ್ದರು. ಕೈ ಎತ್ತಿಸಿದಾಗ ಸಿಸಿ ಕ್ಯಾಮೆರಾಗೆ 18, ಪಾರ್ಕ್ ದುರಸ್ತಿಗೆ 15, ಓದುವ ಕೋಣೆಗೆ 12 ಬಂತು. ಅಧ್ಯಕ್ಷರು ಕ್ಯಾಮೆರಾ ಪಾಸ್ ಎಂದರು. ಉಳಿದ 27 ಜನ ಒಪ್ಪುತ್ತಿಲ್ಲ. ಯಾರು ಸರಿ?

ಉತ್ತರ (ವಕೀಲರು): ಮೊದಲು ಬೈಲಾ, ಅಂದರೆ ಸಂಘದ ನಿಯಮಾವಳಿ, ತೆಗೆದು ನೋಡಿ. ‘ಹಾಜರಿದ್ದು ಮತ ಹಾಕಿದವರ ಬಹುಮತ’ ಎಂದಿದ್ದರೆ 23 ಬೇಕು. 18 ಅತಿ ಹೆಚ್ಚು ನಿಜ, ಬಹುಮತ ಅಲ್ಲ.

ಸಂಸತ್ತಿನಲ್ಲೂ ಸಾಮಾನ್ಯ ವಿಷಯಗಳಿಗೆ ಸಂವಿಧಾನದ 100ನೇ ವಿಧಿಯ ಪ್ರಕಾರ ಇದೇ ಲೆಕ್ಕ. ಆದರೆ ಅಲ್ಲಿ ಒಂದು ಸಲಕ್ಕೆ ಒಂದೇ ಪ್ರಶ್ನೆ: ಹೌದಾ, ಇಲ್ಲವಾ? ನಿಮ್ಮ ಮುಂದೆ ಮೂರು ದಾರಿ ಇವೆ. ‘ಹಾಗಾದರೆ ಎರಡೆರಡಾಗಿ ಮತಕ್ಕೆ ಹಾಕೋಣ’ ಅಂತ ಯಾರಾದರೂ ಹೇಳಬಹುದು. ಅಲ್ಲೇ ಎಚ್ಚರ ಬೇಕು.

ಕ್ಯಾಮೆರಾದವರ ಎರಡನೇ ಆಯ್ಕೆ ಪಾರ್ಕ್, ಪಾರ್ಕಿನವರದು ಓದುವ ಕೋಣೆ, ಓದುವ ಕೋಣೆಯವರದು ಕ್ಯಾಮೆರಾ ಅಂದುಕೊಳ್ಳಿ. ಆಗ ಕ್ಯಾಮೆರಾ ಪಾರ್ಕನ್ನು 30–15ರಲ್ಲಿ ಸೋಲಿಸುತ್ತದೆ. ಪಾರ್ಕ್ ಓದುವ ಕೋಣೆಯನ್ನು 33–12ರಲ್ಲಿ ಸೋಲಿಸುತ್ತದೆ. ಓದುವ ಕೋಣೆ ಕ್ಯಾಮೆರಾವನ್ನೇ 27–18ರಲ್ಲಿ ಸೋಲಿಸುತ್ತದೆ! ಮೊದಲು ಎರಡನ್ನು ಮತಕ್ಕೆ ಹಾಕಿ, ಗೆದ್ದದ್ದರ ಎದುರು ಮೂರನೆಯದನ್ನು ಇಟ್ಟರೆ, ಯಾವುದನ್ನು ಕೊನೆಗೆ ತರುತ್ತಾರೋ ಅದೇ ಗೆಲ್ಲುತ್ತದೆ. ಅಂದರೆ ಸಭೆಯ ಕ್ರಮ ಬರೆಯುವವರ ಕೈಯಲ್ಲೇ ಫಲಿತಾಂಶ. ಫ್ರಾನ್ಸಿನ ಗಣಿತಜ್ಞ ಕೊಂಡೊರ್ಸೆ 1785ರಲ್ಲೇ ಈ ಸುತ್ತನ್ನು ತೋರಿಸಿದ್ದ. ಸದಸ್ಯರು ಇದನ್ನು ಮೊದಲೇ ತಿಳಿದಿರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಬೈಲಾ ಅಡ್ಡಿ ಮಾಡದಿದ್ದರೆ ನಾನು ಹೇಳೋದು ಪ್ರಾಶಸ್ತ್ಯದ ಮತ. ಮೈಸೂರು, ಮಂಡ್ಯದ ಪದವೀಧರರಿಗೆ ಇದು ಹೊಸದಲ್ಲ. ವಿಧಾನ ಪರಿಷತ್ತಿನ ದಕ್ಷಿಣ ಪದವೀಧರರ ಕ್ಷೇತ್ರದಲ್ಲಿ 1, 2, 3 ಅಂತ ಬರೆದು ಮತ ಹಾಕುತ್ತೇವೆ, ಅಲ್ವಾ? ಕಡಿಮೆ ಬಂದದ್ದನ್ನು ತೆಗೆದು, ಅದರ ಎರಡನೇ ಪ್ರಾಶಸ್ತ್ಯ ಹಂಚಬೇಕು. ಮೇಲಿನ ಲೆಕ್ಕದಲ್ಲಿ ಓದುವ ಕೋಣೆ ಹೋಗಿ ಕ್ಯಾಮೆರಾಗೆ 30 ಬರುತ್ತದೆ. ಇದರಲ್ಲೂ ಕೊರತೆ ಇದೆ: ಕ್ಯಾಮೆರಾಗಿಂತ ಓದುವ ಕೋಣೆಯೇ ವಾಸಿ ಎನ್ನುವ 27 ಜನ ಆಗಲೂ ಇರುತ್ತಾರೆ. ಆದರೂ ಕ್ರಮದ ಆಟ ನಡೆಯೋದಿಲ್ಲ. ವಿಧಾನ ಯಾವುದು ಅನ್ನೋದನ್ನು ಮತಕ್ಕೆ ಮುಂಚೆಯೇ ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಎಣಿಕೆ ನೋಡಿದ ಮೇಲೆ ವಿಧಾನ ಆರಿಸಿದರೆ ಯಾರೂ ನಂಬೋದಿಲ್ಲ.

ಇನ್ನೊಬ್ಬ ಸದಸ್ಯೆ: ಸರ್, ‘ಕ್ಯಾಮೆರಾ ಇರಲಿ, ಆದರೆ ಮುಖ್ಯ ರಸ್ತೆಗೆ ಮಾತ್ರ’ ಅಂತ ನಾನು ಹೇಳಬಹುದಾ?

ಉತ್ತರ: ಖಂಡಿತ ಮೇಡಂ, ಅದು ತಿದ್ದುಪಡಿ. ಮೊದಲು ತಿದ್ದುಪಡಿಯನ್ನು ಮತಕ್ಕೆ ಹಾಕಬೇಕು. ಅದು ಪಾಸಾದರೆ ತಿದ್ದಿದ ಠರಾವು, ಬಿದ್ದರೆ ಮೂಲ ಠರಾವು. ಹಿಂದುಮುಂದು ಮಾಡಲು ಬಿಡಬೇಡಿ.

ಪ್ರಶ್ನೆ ಕೇಳಿದವರು: ಸಮ ಬಂದರೆ ಅಧ್ಯಕ್ಷರಿಗೆ ಮತ ಇದೆಯಾ ಸರ್?

ಉತ್ತರ: ಲೋಕಸಭೆಯ ಸ್ಪೀಕರ್ ಮೊದಲು ಮತ ಹಾಕುವಂತಿಲ್ಲ, ಸಮ ಬಂದಾಗ ಮಾತ್ರ ಹಾಕುತ್ತಾರೆ. ನಿಮ್ಮಲ್ಲಿ ಬೈಲಾ ಹೇಳಿದಂತೆ. ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ಎಷ್ಟು ಅನ್ನೋದನ್ನೂ ಅದರಲ್ಲೇ ನೋಡಿ. ಕೋರಂ ಇರದಿದ್ದರೆ 45 ಜನರ ಆ ಎಣಿಕೆಯೇ ನಿಲ್ಲೋದಿಲ್ಲ.