ಛತ್ರದವರು ಕಮಿಷನ್ ಕೇಳಿದರೆ ಕೊಡಬೇಕಾ? ಗಿರಾಕಿಗೆ ಹೇಳಬೇಕಾ?

ಪ್ರಶ್ನೆ: ಮೈಸೂರಿನಲ್ಲಿ ಮದುವೆ ಡೆಕೋರೇಷನ್ ಕೆಲಸ ನಮ್ಮದು. ಒಂದು ಛತ್ರದ ಮ್ಯಾನೇಜರ್, ತಾವು ಕಳಿಸುವ ಪ್ರತಿ ಪಾರ್ಟಿಗೂ ಬಿಲ್ಲಿನಲ್ಲಿ ಶೇ 15 ಕೇಳುತ್ತಿದ್ದಾರೆ. ಇಲ್ಲದಿದ್ದರೆ ಪಟ್ಟಿಯಲ್ಲಿ ಹೆಸರು ಹಾಕಲ್ವಂತೆ. ರೇಟಿಗೆ ಸೇರಿಸಿ ಕೊಟ್ಟುಬಿಡೋದಾ? ಹುಡುಗಿ ಮನೆಯವರಿಗೆ ಹೇಳಬೇಕಾ?

ಉತ್ತರ (ಮದುವೆ ಪ್ಲ್ಯಾನರ್): ಮೊದಲು ಲೆಕ್ಕ ನೋಡಿ ಸರ್. ನಿಮ್ಮ ಕೈಗೆ ಒಂದು ಲಕ್ಷ ಉಳಿಯಬೇಕಾದರೆ ₹1,15,000 ಹೇಳಿದರೆ ಸಾಲದು. ಅದರಲ್ಲಿ ಶೇ 15 ಅಂದರೆ ₹17,250 ಹೋಗಿ ₹97,750 ಉಳಿಯುತ್ತದೆ. ಹೇಳಬೇಕಾದ್ದು ₹1,17,647. ಹೆಚ್ಚಿನವರು ಅಷ್ಟು ಹೇಳಲು ಹೆದರಿ ಕಡಿಮೆ ಹೇಳುತ್ತಾರೆ, ಆಮೇಲೆ ಕೆಲಸದಲ್ಲಿ ಮುರಿದುಕೊಳ್ಳುತ್ತಾರೆ. ಆರತಕ್ಷತೆ ಸ್ಟೇಜಿನ ಹೂವೇ ಬೆಳಿಗ್ಗೆ ಮುಹೂರ್ತದ ಮಂಟಪಕ್ಕೆ ಏರುತ್ತದೆ, ಸೇವಂತಿಗೆ ನಡುವೆ ಪ್ಲಾಸ್ಟಿಕ್ ಇಣುಕುತ್ತದೆ. ಫೋಟೋದವರಾದರೆ 40 ಹಾಳೆಯ ಆಲ್ಬಂ 30ಕ್ಕೆ ಇಳಿಯುತ್ತದೆ.

ಹೇಳಬೇಕಾ ಅಂದರೆ, ಹೇಳಲೇಬೇಕು. ಆದರೆ ಎಲ್ಲ ಕಮಿಷನ್ನೂ ಒಂದೇ ಅಲ್ಲ. ‘ಇವರ ನಂಬರ್ ತಗೊಳ್ಳಿ’ ಎಂದಷ್ಟೇ ಹೇಳಿದವರು ಏನಾದರೂ ತೆಗೆದುಕೊಂಡರೆ, ಗಿರಾಕಿಗೆ ಗೊತ್ತಿದ್ದರೆ ತಪ್ಪಿಲ್ಲ. ನನ್ನಂಥ ಪ್ಲ್ಯಾನರ್ ವಿಷಯ ಬೇರೆ. ಒಳ್ಳೆಯವರನ್ನು ಆರಿಸಿಕೊಡಿ ಅಂತಲೇ ಮನೆಯವರು ಫೀಸು ಕೊಟ್ಟಿರುತ್ತಾರೆ. ಆಮೇಲೆ ಡೆಕೋರೇಷನ್ನಿನವರ ಹತ್ತಿರ ಗುಟ್ಟಾಗಿ ಇಸಕೊಂಡರೆ ಅದು ಎರಡೂ ಕಡೆ ಉಣ್ಣೋದು. ಪ್ಲ್ಯಾನರ್ ಮನೆಯವರ ಏಜೆಂಟ್ ಆಗಿದ್ದು, ಅವರಿಗೆ ತಿಳಿಯದಂತೆ ಅದೇ ಕೆಲಸದಲ್ಲಿ ಸ್ವಂತಕ್ಕೆ ವ್ಯವಹಾರ ಮಾಡಿದರೆ ಬಂದ ಲಾಭವನ್ನು ಮನೆಯವರು ಕೇಳಬಹುದು, 1872ರ ಕರಾರು ಕಾಯ್ದೆಯ ಕಲಂ 216 ಇದೆ. ನಾವು ತಗೊಂಡ ರಿಯಾಯಿತಿಯೂ ಮನೆಯವರ ಬಿಲ್ಲಿಗೇ ಇಳಿಯಬೇಕು.

ಮ್ಯಾನೇಜರ್‌ಗೆ ಒಂದೇ ಮಾತು ಕೇಳಿ: ‘ಛತ್ರದ ಹೆಸರಲ್ಲಿ ರಸೀದಿ ಕೊಡ್ತೀರಾ?’ ಕೊಡದಿದ್ದರೆ ಆ ದುಡ್ಡು ಮಾಲೀಕರಿಗೆ ಅಥವಾ ಟ್ರಸ್ಟಿಗೆ ಗೊತ್ತಿಲ್ಲದೆ ಜೇಬಿಗೆ ಹೋಗುತ್ತಿದೆ ಎಂದೇ ಲೆಕ್ಕ. ಅಂಥ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೂ ನಡೆಯುತ್ತದೆ. ಕೊಡುತ್ತಾರಾದರೆ ಶೇಕಡಾ ಬೇಡ, ಬುಕಿಂಗಿಗೆ ಇಷ್ಟು ಅಂತ ನಿಗದಿ ಮಾಡಿ. ಶೇಕಡಾ ಇದ್ದರೆ ಸಣ್ಣ ಬಜೆಟ್ಟಿನವರಿಗೂ ದುಬಾರಿ ಸ್ಟೇಜ್ ತಗುಲಿಹಾಕುವ ಆಸೆ ಹುಟ್ಟುತ್ತದೆ. ಕೋಟೇಷನ್ನಿನ ಕೆಳಗೆ ಒಂದು ಸಾಲು ಸಾಕು: ‘ಈ ಬುಕಿಂಗ್ ಆದರೆ ಪರಿಚಯಿಸಿದ ಛತ್ರಕ್ಕೆ ₹5,000 ಸಲ್ಲುತ್ತದೆ. ನೀವು ಬೇರೆಯವರನ್ನೂ ಕರೆಸಬಹುದು.’

ಉತ್ತರ (ಅಡುಗೆ ಕಾಂಟ್ರಾಕ್ಟರ್): ಊಟದಲ್ಲಿ ಇದು ಇನ್ನೂ ಕೆಟ್ಟದು. ಎಲೆಗೆ ₹350ರಂತೆ 600 ಎಲೆ, ₹2,10,000. ಶೇ 10 ಅಂದರೆ ಎಲೆಗೆ ₹35. ತುಪ್ಪ, ಒಬ್ಬಟ್ಟಿನ ಹೂರಣ, ಬಡಿಸುವವರ ಸಂಖ್ಯೆ, ಕತ್ತರಿ ಬೀಳುವುದು ಈ ಮೂರಕ್ಕೇ.

ಅದಕ್ಕಿಂತ ಮುಖ್ಯ, ಎಲೆ ಎಣಿಸೋರು ಯಾರು ಅಂತ ನೋಡಿ. ಎಲೆ ಲೆಕ್ಕದ ಮೇಲೆ ಕಮಿಷನ್ ಸಿಗುವವರೇ ಎಣಿಸಿದರೆ 600 ಹೋಗಿ 650 ಆಗಲು ಎಷ್ಟು ಹೊತ್ತು? ಮನೆಯ ಕಡೆಯಿಂದ ಒಬ್ಬರು, ಅಡುಗೆ ಕಡೆಯಿಂದ ಒಬ್ಬರು ಇರಲಿ. ಊಟಕ್ಕೆ ಮುಂಚೆ ಎಲೆ ಕಟ್ಟುಗಳನ್ನು ಎಣಿಸಿ ಬರೆದುಕೊಳ್ಳಿ, ಪ್ರತಿ ಪಂಕ್ತಿಗೂ ಸಂಖ್ಯೆ ಹಾಕಿ ಇಬ್ಬರೂ ಸಹಿ ಮಾಡಿ, ಕೊನೆಗೆ ಉಳಿದ ಎಲೆ ಮತ್ತು ಹರಿದು ಎಸೆದದ್ದನ್ನು ಕಳೆಯಿರಿ. ಬಡಿಸುವವರ ಊಟ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಮೊದಲೇ ಬರೆಸಿ, ಜಗಳ ಆಗೋದೇ ಅಲ್ಲಿ.

ಮರುಪ್ರಶ್ನೆ: ಕಮಿಷನ್ನಿಗೆ ತೆರಿಗೆ ಹೇಗೆ? ಎಲ್ಲರೂ ಕ್ಯಾಶ್ ಕೇಳ್ತಾರೆ.

ಉತ್ತರ (ತೆರಿಗೆ ಸಲಹೆಗಾರ): ತೆಗೆದುಕೊಳ್ಳುವವರು ಜಿಎಸ್‌ಟಿ ನೋಂದಾಯಿತರಾಗಿದ್ದರೆ ಕಮಿಷನ್ನಿನ ಮೇಲೆ ಶೇ 18 ಹಾಕಿ ಇನ್‌ವಾಯ್ಸ್ ಕೊಡಬೇಕು. ಸೇವೆ ಮಾತ್ರ ಕೊಡುವವರಿಗೆ ಕರ್ನಾಟಕದಲ್ಲಿ ನೋಂದಣಿಯ ಮಿತಿ ವರ್ಷಕ್ಕೆ ₹20 ಲಕ್ಷ ವಹಿವಾಟು. ಕಮಿಷನ್ನನ್ನು ತೆರಿಗೆ ಸೇರಿಸುವ ಮುಂಚಿನ ಮೊತ್ತದ ಮೇಲೆ ಲೆಕ್ಕ ಹಾಕಿ, ಇಲ್ಲದಿದ್ದರೆ ಸರ್ಕಾರಕ್ಕೆ ಕಟ್ಟುವ ತೆರಿಗೆಯ ಮೇಲೂ ಕಮಿಷನ್ ಕೊಟ್ಟಂತಾಗುತ್ತದೆ. ಟಿಡಿಎಸ್ (ದುಡ್ಡು ಕೊಡುವಾಗಲೇ ಆದಾಯ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವುದು): 2025ರ ಏಪ್ರಿಲ್‌ನಿಂದ ಒಬ್ಬರಿಗೆ ವರ್ಷಕ್ಕೆ ₹20,000 ಮೀರಿದರೆ ಶೇ 2 ಹಿಡಿಯಬೇಕು. ನಿಮ್ಮದು ಒಬ್ಬರೇ ನಡೆಸುವ ವ್ಯವಹಾರವಾದರೆ, ಹಿಂದಿನ ವರ್ಷ ವಹಿವಾಟು ₹1 ಕೋಟಿ ದಾಟಿದ್ದರೆ ಮಾತ್ರ ಇದು ಅನ್ವಯ. ಒಬ್ಬರಿಗೆ ಒಂದು ದಿನಕ್ಕೆ ₹10,000 ಮೀರಿ ಕ್ಯಾಶ್ ಕೊಟ್ಟರೆ ಅದನ್ನು ಖರ್ಚು ಅಂತ ತೋರಿಸಲು ಆಗುವುದಿಲ್ಲ.

ಮರುಪ್ರಶ್ನೆ: ನಾವು ಹುಡುಗನ ಕಡೆಯವರು. ನಮ್ಮ ಅಡುಗೆಯವರನ್ನು ಕರೆತಂದರೆ ರಾಯಲ್ಟಿ ಕಟ್ಟಬೇಕು ಅಂತ ಛತ್ರದವರು ಹೇಳ್ತಾರೆ. ಇದು ಸರಿಯಾ?

ಉತ್ತರ (ವಕೀಲ): ಒಂದು ಸೇವೆ ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂಬ ಷರತ್ತನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಕಲಂ 2(41)ರಲ್ಲಿ ನಿರ್ಬಂಧಕ ವ್ಯಾಪಾರ ಪದ್ಧತಿ ಎನ್ನುತ್ತದೆ. ‘ನಮ್ಮ ಅಡುಗೆಯವರೇ ಆಗಬೇಕು, ಇಲ್ಲದಿದ್ದರೆ ಛತ್ರ ಇಲ್ಲ’ ಅಂದರೆ ಅದು ಇದಕ್ಕೆ ತೀರಾ ಹತ್ತಿರ. ರಾಯಲ್ಟಿ ಅಷ್ಟು ನೇರ ಅಲ್ಲ. ಅಡುಗೆಮನೆ, ಪಾತ್ರೆ, ನೀರಿನ ಬಾಡಿಗೆ ಅಂತ ಬಿಡಿಸಿ ತೋರಿಸಿದರೆ ವಾದ ನಿಲ್ಲಬಹುದು, ಬರೀ ‘ಹೊರಗಿನವರು’ ಎಂಬುದಕ್ಕೆ ದಂಡವಾದರೆ ಪ್ರಶ್ನಿಸಿ. ಅಡ್ವಾನ್ಸ್ ಕೊಟ್ಟು ಸಹಿ ಹಾಕಿದ ಮೇಲೆ ಹೋರಾಟ ಕಷ್ಟ. ಆದ್ದರಿಂದ ಮೊದಲೇ ನಿಯಮಗಳ ಪ್ರತಿ ಇಸಕೊಂಡು, ಡೆಕೋರೇಷನ್, ಜನರೇಟರ್, ವಾಲಗ ಪ್ರತಿಯೊಂದಕ್ಕೂ ‘ಹೊರಗಿನವರಿಗೆ ಅವಕಾಶ ಉಂಟೇ, ಶುಲ್ಕ ಎಷ್ಟು’ ಅಂತ ವಾಟ್ಸ್ಯಾಪಿನಲ್ಲಾದರೂ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಬಿಲ್ ಕೊಡದಿದ್ದರೆ ಅದೂ ಅದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.