ನೀರು ಹಾಕಿದರೂ ಗಿಡ ಬಾಡುತ್ತಿದೆ, ಟೊಮೆಟೊ ಹೂವೆಲ್ಲ ಉದುರುತ್ತಿದೆ (ವಿಜಯಪುರ, ಮಾಳಿಗೆ ಮೇಲೆ)

ಮಾಳಿಗೆತೋಟ_ವಿಜಯಪುರ:

ನಮಸ್ಕಾರ್ರಿ ಎಲ್ಲರಿಗೂ. ಸಂಕ್ರಮಣ ಮುಗಿದ ಮೇಲೆ ಮಾಳಿಗೆ ಮೇಲೆ ಹದಿನಾಲ್ಕು ಕುಂಡ ಇಟ್ಟು ಕಾಯಿಪಲ್ಲೆ ಬೆಳೆಯೋಕೆ ಶುರು ಮಾಡಿದೆ. ಟೊಮೆಟೊ ಆರು, ಮೆಣಸಿನಗಿಡ ನಾಲ್ಕು, ಬದನೆ ಎರಡು, ಉಳಿದ ಎರಡರಲ್ಲಿ ಕೊತ್ತಂಬರಿ. ಯುಗಾದಿವರೆಗೆ ಚೆನ್ನಾಗಿಯೇ ಇತ್ತು. ದೃಷ್ಟಿ ಬಿತ್ತೋ ಏನೋ, ಈಗ ಒಂದೂ ಸರಿ ಇಲ್ಲ.

ಟೊಮೆಟೊ ಹೂ ಬಿಡುತ್ತೆ. ಎರಡೇ ದಿನಕ್ಕೆ ತೊಟ್ಟಿನ ಗಂಟು ಹಳದಿಯಾಗುತ್ತೆ, ಮುಟ್ಟಿದರೆ ಸಾಕು ಕೈಗೆ ಬರುತ್ತೆ. ಕೊತ್ತಂಬರಿಯಂತೂ ನಾಲ್ಕು ಎಲೆ ಬಿಡೋದರೊಳಗೆ ಹೂ ಬಿಟ್ಟು ನಿಂತಿದೆ. ನೀರು ಕಡಿಮೆ ಆಗಿರಬಹುದು ಅಂತ ದಿನಾ ಎರಡು ಸಲ, ಕೆಳಗಿನ ತೂತಿನಿಂದ ಹರಿದು ಬರುವವರೆಗೂ ಹಾಕುತ್ತೇನೆ, ಆದರೂ ಬೆಳಗ್ಗೆ ಏಳಕ್ಕೆ ಹೋಗಿ ನೋಡಿದರೆ ಗಿಡ ಜೋತು ಬಿದ್ದಿರುತ್ತೆ. ಮೆಣಸಿನಗಿಡದ ನಾಲ್ಕೂ ಕುಂಡದಲ್ಲಿ ಎಲೆ ಅಂಚು ಸುಟ್ಟ ಹಾಗೆ ಕಂದಾಗಿದೆ. ಅದು ಯಾವ ರೋಗ ಅಂತ ಗೊತ್ತಾಗ್ತಿಲ್ಲ. ನೀರು ಬೋರಿನದು. ಮಣ್ಣು ನರ್ಸರಿಯಿಂದ ತಂದಿದ್ದು, ರೆಡಿ ಮಣ್ಣು, ಏನೂ ಸೇರಿಸಬೇಕಿಲ್ಲ ಅಂತ ಹೇಳಿ ಕೊಟ್ಟಿದ್ದರು.

ನಮ್ಮ ಮನೆಯವರು "ಈ ಬಿಸಿಲಿಗೆ ಮನುಷ್ಯರೇ ಬಾಡ್ತಾರೆ, ಸುಮ್ನೆ ಸಂತೆಗೆ ಹೋಗಿ ತಗೊಂಡು ಬಾ" ಅಂತಾರೆ. ಹಠಕ್ಕಾದರೂ ಬೆಳೆಯಬೇಕು ನಾನು.

ಎರೆಹೊಲದಾಂವ:

ಅಕ್ಕಾರೆ, ದೃಷ್ಟಿ ಅಲ್ಲ. ಮೊದಲು ಕುಂಡದ ಅಂಚಿನಲ್ಲಿ ಬೆರಳು ಹಾಕಿ ನೋಡಿ. ಮಣ್ಣಿಗೂ ಕುಂಡಕ್ಕೂ ನಡುವೆ ಸಂದು ಬಿದ್ದಿದೆಯಾ? ಬಿದ್ದಿದ್ದರೆ ನಿಮಗೆ ಕೊಟ್ಟಿದ್ದು ರೆಡಿ ಮಣ್ಣಲ್ಲ, ಬರೀ ಎರೆ ಮಣ್ಣು (ಹೊಲದ ಕಪ್ಪು ಮಣ್ಣು). ನಮ್ಮ ಹೊಲ ಬೇಸಿಗೆಯಲ್ಲಿ ಹೇಗೆ ಬಿರಿಯುತ್ತೆ ಅಂತ ನೋಡಿದ್ದೀರಲ್ವಾ, ಕೈ ಹೋಗುವಷ್ಟು. ಕುಂಡದೊಳಗೂ ಅದೇ ಆಗೋದು. ಒಣಗಿದ ಎರೆ ಮಣ್ಣು ಮುದ್ದೆಯಾಗಿ ಒಳಕ್ಕೆ ಸರಿಯುತ್ತೆ, ನೀವು ಹಾಕಿದ ನೀರು ಆ ಸಂದಿನಿಂದ ಜಾರಿ ಸೀದಾ ತೂತಿಗೆ ಬರುತ್ತೆ. ನಿಮಗೆ ನೀರು ಹರಿದ ಹಾಗೆ ಕಾಣುತ್ತೆ, ಬೇರಿಗೆ ಮಾತ್ರ ಒಂದು ಹನಿ ಮುಟ್ಟಿರೋದಿಲ್ಲ.

ಇನ್ನೊಂದು ಗುರುತು ಹೇಳ್ತೀನಿ. ಮಧ್ಯಾಹ್ನ ಬಾಡಿ ಸಂಜೆಗೆ ತಾನೇ ಎದ್ದು ನಿಂತರೆ ಅದು ಬಿಸಿಲಿನ ಬಾಡು, ಅದಕ್ಕೆ ಗಾಬರಿಯಾಗಿ ನೀರು ಸುರಿಯಬೇಡಿ. ಬೆಳಗ್ಗೆ ಏಳಕ್ಕೇ ಬಾಡಿದ್ದರೆ ಒಂದೋ ಒಳಗೆ ಒಣಗಿದೆ, ಇಲ್ಲಾ ಬೇರು ಕೊಳೆತಿದೆ. ಒಂದು ಕುಂಡ ಬೋರಲು ಹಾಕಿ ನೋಡಿದರೆ ಯಾವುದು ಅಂತ ಗೊತ್ತಾಗುತ್ತೆ.

ಈಗಿನ ಮಟ್ಟಿಗೆ ಕುಂಡಗಳನ್ನು ಒಂದೊಂದಾಗಿ ನೀರು ತುಂಬಿದ ಟಬ್ಬಿನಲ್ಲಿ ಅರ್ಧ ತಾಸು ಕೂರಿಸಿ. ಗುಳ್ಳೆ ಬರೋದು ನಿಂತ ಮೇಲೆ ತೆಗೆಯಿರಿ. ಮುಂದಿನ ಸಲ ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು. ಹಸಿ ಗೊಬ್ಬರ ಹಾಕಬೇಡಿ ಮತ್ತೆ, ಅದರ ಕಾವಿಗೇ ಬೇರು ಸುಡುತ್ತೆ.

ಟಿಳಕವಾಡಿ_ಹಿತ್ತಲು:

ನಾನು ಬೆಳಗಾವಿಯಲ್ಲಿ ಹಸಿರು ನೆಟ್ ಕಟ್ಟಿ ಏಪ್ರಿಲ್ ಪೂರ್ತಿ ಟೊಮೆಟೊ ಕಿತ್ತಿದ್ದೇನೆ, ಹಣ್ಣು ಸಣ್ಣದಾದರೂ ಬಂತು. ನೆಟ್ ಕಟ್ಟಿ ನೋಡಿ, ಎಲ್ಲ ಸರಿ ಹೋಗುತ್ತೆ. ಚಿತ್ರಾನ್ನ, ಸಾರು ಯಾವುದಕ್ಕೂ ಹೊರಗಿಂದ ತಂದಿಲ್ಲ ನಾವು.

ನವನಗರದ_ನುಗ್ಗೆ:

ಬೆಳಗಾವಿಯವರ ಬೇಸಿಗೆ ಅಂದರೆ ನಮ್ಮ ಚಳಿಗಾಲ ಇದ್ದ ಹಾಗೆ, ಅದರ ಲೆಕ್ಕ ಇಲ್ಲಿ ಹೇಳಬೇಡ್ರಿ 😄 ಸಂಜೆ ನಿಮಗೆ ತಂಗಾಳಿ ಬೀಸುತ್ತೆ, ನಡುವೆ ಒಂದೆರಡು ಅಡ್ಡ ಮಳೆನೂ ಆಗುತ್ತೆ. ನಾವು ಬಾಗಲಕೋಟೆಯವರು, ವಿಜಯಪುರದವರು ರಾತ್ರಿ ಹತ್ತಕ್ಕೂ ಮಾಳಿಗೆ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ.

ಟೊಮೆಟೊ ಕಥೆ ಇಷ್ಟು. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24-25ಕ್ಕಿಂತ ಕೆಳಗೆ ಇಳಿಯದಿದ್ದರೆ ಹೂವಿನ ಪರಾಗ ಕೆಲಸಕ್ಕೆ ಬರಲ್ಲ. ಕಾಯಿ ಕಟ್ಟದ ಹೂವನ್ನು ಗಿಡ ತಾನೇ ಉದುರಿಸುತ್ತೆ. ನಮ್ಮಲ್ಲಿ ಈಗ ಹಗಲು 40ರ ಆಸುಪಾಸು, ರಾತ್ರಿ ಕಾದ ಸ್ಲ್ಯಾಬ್ ಬೇರೆ ಕೆಳಗಿನಿಂದ ಬೇಯಿಸುತ್ತೆ. ಇದಕ್ಕೆ ಔಷಧಿ ಇಲ್ಲ, ಗೊಬ್ಬರ ಹಾಕಿದರೂ ಇಲ್ಲ. ನೆಟ್ ಕಟ್ಟಿದರೆ ಗಿಡ ಜೀವ ಹಿಡಿಯುತ್ತೆ, ಆದರೆ ಕಾಯಿ ಕಟ್ಟುತ್ತೆ ಅಂತ ನಾನಂತೂ ಹೇಳಲಾರೆ. ಹಾಗಂತ ಕಿತ್ತು ಎಸೆಯಬೇಡಿ. ಇಟ್ಟಿಗೆ ಮೇಲೆ ಕುಂಡ ಎತ್ತಿಡಿ, ಮೇಲಿನ ಕೊಂಬೆ ಸವರಿ ನೆರಳಿಗೆ ಸರಿಸಿ. ಮೇ ಕೊನೆಗೆ ಒಳ್ಳೆ ಕುಡಿ ಕತ್ತರಿಸಿ ಒದ್ದೆ ಮರಳಲ್ಲಿ ಚುಚ್ಚಿದರೆ ಎಂಟು-ಹತ್ತು ದಿನದಲ್ಲಿ ಬೇರು ಬಿಡುತ್ತೆ, ಮಿರಗ (ಮೃಗಶಿರಾ ಮಳೆ) ಕೂಡೋ ಹೊತ್ತಿಗೆ ಹೊಸ ಸಸಿ ರೆಡಿ.

ಆದರೆ ಎಲೆ ಅಂಚು ಸುಟ್ಟಿದ್ದು ಮೆಣಸಿನಗಿಡದಲ್ಲಿ ಮಾತ್ರ ಅಂತ ಬರೆದಿದ್ದೀರಿ. ಆ ನಾಲ್ಕಕ್ಕೆ ಮಾತ್ರ ಬೇರೆ ಏನಾದರೂ ಹಾಕ್ತೀರಾ? ಮಣ್ಣಿನ ಮೇಲೆ ಬಿಳಿ ಪುಡಿ ಇದೆಯಾ?

ಮಾಳಿಗೆತೋಟ_ವಿಜಯಪುರ:

ಅಯ್ಯೋ ಹೌದ್ರಿ, ಬಿಳಿ ಪುಡಿ ಇದೆ. ಗೊಬ್ಬರ ಏನೂ ಹಾಕಿಲ್ಲ. ಆದರೆ ಕೂಲರ್ ತೊಳೆಯುವಾಗ ಟ್ಯಾಂಕಲ್ಲಿ ಉಳಿದ ನೀರು ಸುಮ್ನೆ ಚರಂಡಿಗೆ ಯಾಕೆ ಅಂತ ಆ ಮೆಣಸಿನಗಿಡಗಳಿಗೆ ಹಾಕ್ತಿದ್ದೆ. ಮೆಟ್ಟಿಲ ಪಕ್ಕದಲ್ಲೇ ಇವೆ, ಹತ್ತಿರ ಅಂತ. ಅದರಿಂದಾನಾ?

ನವನಗರದ_ನುಗ್ಗೆ:

ಅದರಿಂದಾನೇ ಅಕ್ಕಾ. ನಿಮ್ಮ ಬೋರ್ ನೀರೇ ಸವಳು ಇರಬೇಕು. ಕೂಲರ್ ನೀರನ್ನು ಆವಿ ಮಾಡಿ ಹೊರಗೆ ಊದುತ್ತೆ, ಉಪ್ಪನ್ನು ಟ್ಯಾಂಕಲ್ಲೇ ಬಿಡುತ್ತೆ. ನೀವು ಮತ್ತೆ ನೀರು ತುಂಬುತ್ತೀರಿ, ಮತ್ತೆ ಉಪ್ಪು ಉಳಿಯುತ್ತೆ. ಕೂಲರಿನ ಹುಲ್ಲಿನ ಮೇಲೆ ಬಿಳಿ ಗಟ್ಟಿ ಪದರ ಕಟ್ಟಿರುತ್ತಲ್ವಾ, ಅದನ್ನೇ ಕರಗಿಸಿ ಗಿಡಕ್ಕೆ ಕುಡಿಸಿದ ಹಾಗೆ. ಆರ್‌ಓ ಫಿಲ್ಟರಿನಿಂದ ಹೊರಗೆ ಬರುವ ನೀರೂ ಅಷ್ಟೇ, ಕುಂಡಕ್ಕೆ ಬೇಡ, ಅಂಗಳ ತೊಳೆಯೋಕೆ ಇಟ್ಟುಕೊಳ್ಳಿ. ಎಸಿ ಪೈಪಿನಿಂದ ತೊಟ್ಟಿಕ್ಕೋ ನೀರು ಬೇರೆ, ಅದರಲ್ಲಿ ಉಪ್ಪಿಲ್ಲ, ಧಾರಾಳವಾಗಿ ಹಾಕಬಹುದು.

ಆ ನಾಲ್ಕು ಕುಂಡದ ಮೇಲಿನ ಒಂದು ಇಂಚು ಮಣ್ಣು ಕೆರೆದು ಎಸೆಯಿರಿ. ನಲ್ಲಿ ನೀರು ಬಂದ ದಿನ ಒಂದೊಂದು ಕುಂಡಕ್ಕೂ ಎರಡು ಕೊಡ ನಿಧಾನಕ್ಕೆ ಸುರಿದು ತೂತಿನಿಂದ ಹೋಗಲು ಬಿಡಿ, ಉಪ್ಪು ತೊಳೆದು ಹೋಗುತ್ತೆ. ಆದರೆ ಮೊದಲು ಮೇಲಿನವರು ಹೇಳಿದ ಸಂದು ಮುಚ್ಚಿರಬೇಕು, ಇಲ್ಲದಿದ್ದರೆ ಎರಡಲ್ಲ, ಹತ್ತು ಕೊಡ ಸುರಿದರೂ ಅಷ್ಟೇ.

ಎರೆಹೊಲದಾಂವ:

ಕೂಲರ್ ವಿಷಯ ನನಗೂ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲೂ ತುಳಸಿಗೆ ಅದನ್ನೇ ಹಾಕ್ತಾರೆ, ಇವತ್ತೇ ನಿಲ್ಲಿಸ್ತೀನಿ.

ಹಠ ಅಂದಿರಲ್ಲ, ಹಠವನ್ನು ಟೊಮೆಟೊ ಮೇಲೆ ಬೇಡ, ಬೆಂಡೆ ಮೇಲೆ ಇಡಿ. ಬೀಜ ರಾತ್ರಿ ನೆನೆಹಾಕಿ ಈ ವಾರವೇ ಊರಿ. ನೆಟ್ ಬೇಡ, ಅದಕ್ಕೆ ಬಿಸಿಲೇ ಬೇಕು, ನಲವತ್ತೈದು-ಐವತ್ತು ದಿನಕ್ಕೆ ಕಾಯಿ. ಅಂಗಡಿಯಲ್ಲಿ ಅರ್ಕಾ ಅನಾಮಿಕಾ ಕೇಳಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ. ಎಲೆ ನರ ಹಳದಿಯಾಗೋ ರೋಗ ತಡೆಯೋಕೇ ಮಾಡಿದ್ದು. ಅದರ ಪಕ್ಕ ಚವಳಿ ಹಾಕಿ (ಮೈಸೂರು ಕಡೆಯವರ ಗೋರಿಕಾಯಿ). ಅಷ್ಟು ಗಟ್ಟಿ ಗಿಡ ಇನ್ನೊಂದಿಲ್ಲ, ಎರಡು ದಿನ ಊರಿಗೆ ಹೋಗಿ ಬಂದರೂ ಸಾಯಲ್ಲ. ಕೊತ್ತಂಬರಿ ಕಿತ್ತು ಅದೇ ಕುಂಡದಲ್ಲಿ ರಾಜಗಿರಿ ಚೆಲ್ಲಿ, ತಿಂಗಳೊಳಗೆ ಪಲ್ಲೆ ಕೊಯ್ಯಬಹುದು. ಪುಂಡಿನೂ ಬರುತ್ತೆ. ರೊಟ್ಟಿ ಜೊತೆ ಪುಂಡಿ ಪಲ್ಲೆ ಇದ್ದರೆ ಟೊಮೆಟೊ ನೆನಪೇ ಆಗಲ್ಲ.

ಮಣ್ಣಿನ ಮೇಲೆ ಮುಚ್ಚಿಗೆ ಮರೀಬೇಡಿ. ಕಬ್ಬಿನ ರವದಿ, ಜೋಳದ ಕಣಿಕೆ ಸಣ್ಣಗೆ ಕತ್ತರಿಸಿದ್ದು, ಕಡಲೆ ಹೊಟ್ಟು, ಏನು ಸಿಕ್ಕರೂ ಸರಿ, ಮೂರು ಬೆರಳು ದಪ್ಪ ಹಾಕಿ, ಬುಡಕ್ಕೆ ಮಾತ್ರ ತಾಗಬಾರದು. ಆಮೇಲೆ ದಿನಕ್ಕೆ ಎರಡು ಸಲದ ನೀರು ಒಂದು ಸಲಕ್ಕೆ ಇಳಿಯುತ್ತೆ. ಬೆಳಗ್ಗೆ ಬಿಸಿಲು ಏರೋ ಮುಂಚೆ ಹಾಕಿ. ಪೈಪು ಬಿಸಿಲಲ್ಲಿ ಬಿದ್ದಿದ್ದರೆ ಮೊದಲ ಬಕೆಟ್ ನೀರು ಚಹಾಕ್ಕೆ ಆಗುವಷ್ಟು ಕಾದಿರುತ್ತೆ, ಅದನ್ನು ಬೇರೆ ಕಡೆ ಬಿಟ್ಟು ಆಮೇಲೆ ಗಿಡಕ್ಕೆ.

ಟಿಳಕವಾಡಿ_ಹಿತ್ತಲು:

ಸರಿ ಸರಿ, ಬೆಳಗಾವಿಯವರು ಸೋತೆವು. ಆದರೆ ಹೀರೇಕಾಯಿ ಬಗ್ಗೆ ಒಂದು ಮಾತು, ಇದು ಎಲ್ಲ ಊರಿಗೂ ಒಂದೇ. ನನ್ನ ಬಳ್ಳಿ ಎರಡು ವರ್ಷ ಬರೀ ಹೂ ಬಿಟ್ಟು ಕಾಯಿ ಬಿಡದೆ ಸತಾಯಿಸಿತ್ತು. ಮೊದಮೊದಲು ಬರೋದೆಲ್ಲ ಗಂಡು ಹೂ, ಬಿಸಿಲು ಜಾಸ್ತಿ ಇದ್ದರೆ ಇನ್ನೂ ಜಾಸ್ತಿ. ಹೆಣ್ಣು ಹೂವಿನ ಹಿಂದೆ ಕಡ್ಡಿಯಷ್ಟು ಸಣ್ಣ ಹೀರೇಕಾಯಿ ಇರುತ್ತೆ, ಅದೇ ಗುರುತು. ಹೂ ಅರಳೋದು ಸಂಜೆ, ನಾನು ಬೆಳಗ್ಗೆ ಎದ್ದು ಬ್ರಶ್ ಹಿಡಿದು ಹೋಗ್ತಿದ್ದೆ! ಸಂಜೆ ಆರರ ಮೇಲೆ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ಹೆಣ್ಣು ಹೂವಿಗೆ ಮೆಲ್ಲಗೆ ತಾಗಿಸಿ. ಮೂರು ದಿನಕ್ಕೆ ಕಾಯಿ ಹಿಗ್ಗಿದರೆ ಹಿಡಿಯಿತು ಅಂತ.

ಮಾಳಿಗೆತೋಟ_ವಿಜಯಪುರ (ಹತ್ತು ದಿನ ಬಿಟ್ಟು):

ಒಂದು ಟೊಮೆಟೊ ಕುಂಡ ಬೋರಲು ಹಾಕಿದೆ. ಮಣ್ಣು ಇಡಿಯಾಗಿ ಬೆಲ್ಲದ ಪೆಂಟೆ ಹಾಗೆ ಹೊರಗೆ ಬಂತು. ಸುತ್ತ ಒಂದು ಕಡ್ಡಿಯಷ್ಟು ದಪ್ಪ ಒದ್ದೆ, ಒಡೆದು ನೋಡಿದರೆ ನಡುವೆ ಒಣ ಪುಡಿ. ಎರಡು ತಿಂಗಳು ನೀರು ಹೊತ್ತು ಮಾಳಿಗೆ ಹತ್ತಿದ್ದು ನೆನೆಸಿಕೊಂಡು ಅಲ್ಲೇ ಕೂತುಬಿಟ್ಟೆ. ಎಲ್ಲ ಮಣ್ಣು ಕಲೆಸಿ ತುಂಬಿದ್ದಾಯಿತು. ಮೆಣಸಿನಗಿಡದಲ್ಲಿ ಹೊಸ ಚಿಗುರು ಅಂಚು ಸುಡದೆ ಬಂದಿದೆ. ಬೆಂಡೆ ಎಂಟು ಬೀಜದಲ್ಲಿ ಏಳು ಮೊಳೆತಿವೆ. ನಮ್ಮ ಮನೆಯವರು ದಿನಾ ಸಂಜೆ ಹೋಗಿ ಎಣಿಸಿ ಬರ್ತಾರೆ, ಬಾಯಲ್ಲಿ ಮಾತ್ರ ಏನೂ ಹೇಳಲ್ಲ.

ಒಂದು ಪ್ರಶ್ನೆ ಉಳಿದಿದೆ. ಬದನೆ ಗಿಡದ ಕಾಂಡದ ಮೇಲೆ ಇರುವೆ ಸಾಲು ಹತ್ತುತ್ತಿದೆ. ಇರುವೆ ಪುಡಿ ಹಾಕಲಾ?

ಎರೆಹೊಲದಾಂವ:

ಪುಡಿ ಬೇಡ, ತಿನ್ನೋ ಗಿಡ ಅದು. ಕುಡಿ ಎಲೆ ಮಗುಚಿ ನೋಡಿ, ಹೇನು ಇರುತ್ತೆ. ಇರುವೆ ಬರೋದು ಅದು ಬಿಡೋ ಸಿಹಿಗೆ. ಜೋರಾಗಿ ನೀರು ಹೊಡೆದು ತೊಳೀರಿ, ಉಳಿದರೆ ಲೀಟರಿಗೆ ಐದು ಎಂಎಲ್ ಬೇವಿನ ಎಣ್ಣೆ, ಚೂರು ಸೋಪು ನೀರು ಕಲೆಸಿ ಸಂಜೆ ಹೊಡೀರಿ. ಸಂಜೆ ಅಂದರೆ ಸಂಜೆನೇ, ಬಿಸಿಲಲ್ಲಿ ಎಣ್ಣೆ ಹೊಡೆದರೆ ಎಲೆ ಹುರಿದ ಹಾಗಾಗುತ್ತೆ. ಬೆಂಡೆ ಎಂಟನೇ ಬೀಜ ಇನ್ನೂ ನಾಲ್ಕು ದಿನ ಕಾಯಿರಿ.