ವೈನಿ ಕಡೆ ಪೋಲೆಂಡ್, ಅಣ್ಣನ ಕಡೆ ಕಲಬುರಗಿ: ಕೂಸಿಗೆ ಎರಡೂ ಸಿಗ್ತಾವೇನ್ರಿ?

ತೊಗರಿಕಣಜ, ಕಲಬುರಗಿ
ಅಣ್ಣ ಅಮೆರಿಕದ ಪ್ರಜೆ ಆಗಿ ಭಾರತದ ಪಾಸ್‌ಪೋರ್ಟ್ ಒಪ್ಪಿಸ್ಯಾನ. ವೈನಿ ಶಿಕಾಗೋದವರು. ಅವರ ಅಪ್ಪನ ಅಜ್ಜ 1901ರಾಗ ಕ್ರಾಕೋವ್‌ನಾಗ ಹುಟ್ಟಿ, 1923ರಾಗ ಊರು ಬಿಟ್ಟು, 1934ರಾಗ ಅಮೆರಿಕದ ಪ್ರಜೆ ಆದವರು. ಅವರ ಮಗ ಹುಟ್ಟಿದ್ದು 1930, ಶಿಕಾಗೋದಾಗ. ಮೂರು ವರ್ಷದ ಕೂಸಿಗೆ ಪೋಲೆಂಡಿನ ನಾಗರಿಕತ್ವ, ನಮ್ಮ ದೇಶದ್ದು, ಎರಡೂ ಮಾಡಿಸ್ಲಿಕ್ಕೆ ಬರ್ತದೇನು? ನಮ್ಮಜ್ಜಂದು ನಿಜಾಮರ ಕಾಲದ ಉರ್ದು ಕಾಗದ ಬಿಟ್ರ ಏನೂ ಇಲ್ಲ.

ಬಿದರಿಹೂವು, ಬೀದರ್
ಪೋಲೆಂಡಿನ ಕಡೆ ಹೊಸದಾಗಿ ಬೇಡೋದಲ್ರಿ, ಹುಟ್ಟಿನಿಂದ ಇದ್ದದ್ದನ್ನ ದೃಢೀಕರಿಸಿಕೊಳ್ಳೋದು. ಇಷ್ಟೇ ತಲೆಮಾರು ಅಂತ ಮಿತಿ ಇಲ್ಲ, ಆದ್ರ ಕೊಂಡಿ ಎಲ್ಲೂ ಕಳಚಿರಬಾರದು. ಪೋಲೆಂಡಿನ 1920ರ ನಾಗರಿಕತ್ವ ಕಾಯ್ದೆಯೊಳಗ ಬೇರೆ ದೇಶದ ಪ್ರಜೆ ಆದವನ ನಾಗರಿಕತ್ವ, ಅವನ ಸಣ್ಣ ಮಕ್ಕಳದ್ದೂ ಹೋಗ್ತಿತ್ತು. ಆದ್ರ ಸೈನ್ಯದ ಸೇವೆಗೆ ಬಾಧ್ಯನಿದ್ದ ಗಂಡಸು ಅದರಿಂದ ಬಿಡುಗಡೆ ಪಡೀದೇ ಬೇರೆ ಪ್ರಜೆ ಆದ್ರೂ, ಪೋಲೆಂಡಿನ ಲೆಕ್ಕದಾಗ ಅವ ಅಲ್ಲಿಯವನೇ. 1934ಕ್ಕ ಅವರಿಗೆ 33 ವರ್ಷ, ಸೈನ್ಯಕ್ಕ ಬಾಧ್ಯ ಇರೋ ವಯಸ್ಸು; ಬಿಡುಗಡೆ ಪಡೆದಿರದಿದ್ರ ಇಲ್ಲಿ ಕೊಂಡಿ ಉಳೀತದ.

ಅವರ ಮಗನ್ನ ನೋಡ್ರಿ. 1951ರ ಜನವರಿ 19ಕ್ಕಿಂತ ಮೊದಲ ಒಪ್ಪಿಗಿ ಇಲ್ಲದ ಅಮೆರಿಕದ ಸೈನ್ಯ ಸೇರಿದ್ರ ತೊಡಕು ಅದ. ಅದೇ ತಾರೀಖಿನ ತನಕ ಮದುವೆಯಾದ ದಂಪತಿಯ ಮಕ್ಕಳಿಗೆ ಅಪ್ಪನ ನಾಗರಿಕತ್ವ ಅಷ್ಟೇ ಬರ್ತಿತ್ತು, ಅದಕ್ಕ ಮದುವೆ ಪತ್ರನೂ ಬೇಕು.

ಚರ್ಚಿನ ದೀಕ್ಷಾಸ್ನಾನದ ಪತ್ರ ಹಿಡ್ಕೊಂಡು ಕೆಲಸ ಮುಗೀತು ಅನಬ್ಯಾಡ್ರಿ. 1901ರಾಗ ಕ್ರಾಕೋವ್ ಆಸ್ಟ್ರಿಯಾದ ಕೈಯಾಗಿತ್ತು; ಅದು ಹುಟ್ಟಿಗೆ ಸಾಕ್ಷಿ, ನಾಗರಿಕತ್ವಕ್ಕಲ್ಲ. 1920ರ ನಂತರದ ಪೋಲಿಷ್ ಪಾಸ್‌ಪೋರ್ಟ್, ಸೈನ್ಯದ ಪುಸ್ತಕ ಸಿಕ್ರ ಬಂಗಾರ. ಅಮೆರಿಕದ ಪ್ರಜೆಯಾದ ಕಡತನೂ ತರಸ್ರಿ. ಹೆಸರು ತಾಳೆ ಆಗೋದಿಲ್ಲ ಅನ್ನೋದೇ ದೊಡ್ಡ ಕಾಟ: ವೊಯ್ಚೆಖ್ ಇದ್ದವ ಅಲ್ಲಿ ಆಲ್ಬರ್ಟ್ ಆಗಿರ್ತಾನ. ಪ್ರಮಾಣಿತ ಅನುವಾದದ ಜೋಡಿ ಅರ್ಜಿಯನ್ನ ಪೋಲೆಂಡಿನ ಕಾನ್ಸುಲೇಟ್ ಮೂಲಕ ವೊಯೆವೋಡ್ (ಅಲ್ಲಿಯ ಪ್ರಾಂತ್ಯದ ಮುಖ್ಯಾಧಿಕಾರಿ) ಕಚೇರಿಗೆ ಕಳಸ್ಬೇಕು. ಆದೇಶ ಬಂದ ಮ್ಯಾಗ ಕೂಸಿನ ಜನನ ಪತ್ರ ಪೋಲೆಂಡಿನ ನೋಂದಣಿಗೆ ಹಾಕಿಸಿ, ಆಮೇಲೆ ಪಾಸ್‌ಪೋರ್ಟ್.

ಭೀಮಾದಂಡಿ, ಯಾದಗಿರಿ
ನಮ್ಮಲ್ಲಿ ಜೋಡಿ ನಾಗರಿಕತ್ವನೇ ಇಲ್ರಿ. ಕೂಸಿಗೆ ಸಿಗೋದು ಒಸಿಐ, ಅಂದ್ರ ಭಾರತದ ಸಾಗರೋತ್ತರ ನಾಗರಿಕ ಅನ್ನೋ ಕಾರ್ಡು. ಹೆಸರಿನಾಗ ನಾಗರಿಕತ್ವ ಅಂತಿದ್ರೂ ಅದು ಜೀವನಪೂರ್ತಿ ವೀಸಾ ಇದ್ದಂಗ, ಮತ ಹಾಕ್ಲಿಕ್ಕೆ ಬರೋದಿಲ್ಲ. ಪೋಲಿಷ್ ಪಾಸ್‌ಪೋರ್ಟ್ ಇದ್ರೂ ಅದಕ್ಕ ಅಡ್ಡಿ ಇಲ್ಲ.

ಉರ್ದು ಕಾಗದ ಪೆಟ್ಟಿಗ್ಯಾಗೇ ಇರಲಿ. ಅಪ್ಪನ ರದ್ದಾದ ಭಾರತೀಯ ಪಾಸ್‌ಪೋರ್ಟ್, ಒಪ್ಪಿಸಿದ ಪ್ರಮಾಣಪತ್ರ, ತಂದೆ-ತಾಯಿ ಹೆಸರಿರೋ ಕೂಸಿನ ಜನನ ಪತ್ರ ಇವೇ ಮುಖ್ಯ. 1947ರ ಆಗಸ್ಟ್ 15ರ ನಂತರ ಭಾರತಕ್ಕ ಸೇರಿದ ಸೀಮೆಯವರು ಅನ್ನೋ ಕಲಂ ನಮ್ಮ ಹೈದರಾಬಾದ್ ಸೀಮೆಗೆ ಹೊಂದ್ತದ ಖರೇ, ಆದ್ರ ಅಪ್ಪನೇ ಭಾರತದ ಪ್ರಜೆಯಾಗಿದ್ದ ಮ್ಯಾಗ ಅಷ್ಟು ಹಿಂದಕ್ಕ ಹೋಗೋದ್ಯಾಕ? ಅಣ್ಣ ತಾನೂ ಒಸಿಐ ಮಾಡಿಸಿಕೊಂಡ್ರ ವೈನಿಗೂ ಸಿಗ್ತದ, ಮದುವೆ ನೋಂದಣಿ ಆಗಿ ಎರಡು ವರ್ಷ ತುಂಬಿರ್ಬೇಕು.

ತೊಗರಿಕಣಜ
ಒಸಿಐ ಬಂದ ಮ್ಯಾಗ ಅಪ್ಪಾಜಿ ನಾಲ್ಕೆಕರೆ ಹೊಲ ಕೂಸಿಗೆ ದಾನಪತ್ರ ಮಾಡ್ತೀನಿ ಅಂತಾರ.

ಭೀಮಾದಂಡಿ
ಆಗೋದಿಲ್ರಿ. ಒಸಿಐದವರು ಕೃಷಿ ಜಮೀನು ಕೊಳ್ಳಂಗಿಲ್ಲ, ದಾನಾನೂ ತಗೋಳಂಗಿಲ್ಲ. ವಾರಸಾಗಿ ಬಂದ್ರ ನಡೀತದ. ಊರಾಗಿನ ಮನಿ ಇದ್ರ, ಅಣ್ಣ ಒಸಿಐ ಮಾಡಿಸಿಕೊಂಡ ಮ್ಯಾಗ ಅಪ್ಪಾಜಿ ಅದನ್ನ ಅವಂಗ ದಾನ ಕೊಡ್ಲಿಕ್ಕೆ ಅಡ್ಡಿ ಇಲ್ಲ.